ಅತ್ತೆಯ ತವರಿನ ಮೋಟಾರು

ಮನೆಯಲ್ಲಿ ಏನೇ ಕೆಟ್ಟರೂ ಅದಕ್ಕೊಂದು ಮಾತು ತಯಾರಾಗಿರುತ್ತಿತ್ತು. ಮಿಕ್ಸಿ ನಿಂತರೆ, ಛತ್ರಿಯ ಕಡ್ಡಿ ಮುರಿದರೆ, ಗಡಿಯಾರ ಹಿಂದೆ ಬಿದ್ದರೆ ಗಂಡಸರಲ್ಲಿ ಯಾರಾದರೊಬ್ಬರು "ಇದೂ ಅಮ್ಮನ ತವರಿನ ಮೋಟಾರೇ" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದಳು. ಆದರೆ ಅವಳ ನಗು ಉಳಿದವರಿಗಿಂತ ಒಂದು ಗಳಿಗೆ ಮೊದಲೇ ಮುಗಿದುಹೋಗುತ್ತಿತ್ತು. ಅದನ್ನು ಗಮನಿಸುತ್ತಿದ್ದವಳು ಸೊಸೆ ಒಬ್ಬಳೇ. ನಗು ಮುಗಿದಮೇಲೆ ತಟ್ಟೆ ಎತ್ತಬೇಕಾದವಳು ಅವಳಾದ್ದರಿಂದ ಎಲ್ಲರ ಮುಖ ನೋಡಿಕೊಂಡು ನಿಂತಿರುವ ಅಭ್ಯಾಸ ಅವಳಿಗಿತ್ತು.

ಮೋಟಾರು ನಿಜಕ್ಕೂ ಇತ್ತು. ಅವರ ಮನೆ ದೊಡ್ಡದೊಂದು ಸರೋವರದ ದಂಡೆಯಲ್ಲಿತ್ತು. ಮನೆಯ ಬೆನ್ನಿಗೆ ಅಂಟಿಕೊಂಡಂತೆ ತಗಡಿನ ಶೆಡ್ಡು. ದೋಣಿಯ ಹಿಂಬದಿಗೆ ಕಚ್ಚಿಸಿ ಓಡಿಸುವ ಮೋಟಾರುಗಳ ರಿಪೇರಿ ಮಾವನ ಕಾಲದಿಂದ ಬಂದ ಕಸುಬು. ಮಾವ ತೀರಿಕೊಂಡ ಮೇಲೆ ಅದನ್ನು ಸೊಸೆಯ ಗಂಡ ಮತ್ತು ಮೈದುನ ನಡೆಸುತ್ತಿದ್ದರು. ಶೆಡ್ಡಿನ ಹಿಂಗೋಡೆಯ ಗೂಟದಲ್ಲಿ ಗೋಣಿಚೀಲ ಹೊದ್ದುಕೊಂಡು ತೂಗುತ್ತಿದ್ದ ಕೆನೆಬಣ್ಣದ ಹಳೆಯ ಮೋಟಾರೇ ಆ ಮಾತಿನ ಮೂಲ. ಅತ್ತೆಯ ಅಪ್ಪ ಎದುರು ದಂಡೆಯಲ್ಲಿ ದೋಣಿ ಕಟ್ಟುತ್ತಿದ್ದವನು. ಮಗಳ ಮದುವೆಗೆ ಚಿನ್ನ ಹೊಂದಿಸಲಾಗದೆ ತನ್ನ ದೋಣಿಯ ಮೋಟಾರನ್ನೇ ಬಿಚ್ಚಿ ಕಳಿಸಿದ್ದ.

ಅತ್ತೆಯ ಮೋಟಾರು ಎಂದು ಎಲ್ಲರೂ ಕರೆದರೂ ಅದನ್ನು ಶುರುಮಾಡುವ ಹಗ್ಗವನ್ನು ಅತ್ತೆ ಒಮ್ಮೆಯೂ ಎಳೆದವಳಲ್ಲ. ಮೊದಲು ಮಾವ ಓಡಿಸಿದ. ಆಮೇಲೆ ಮೀಸೆ ಚಿಗುರಿದ ಹಿರಿಮಗ, ಅಂದರೆ ಈಗ ಸೊಸೆಯ ಗಂಡನಾಗಿರುವವನು, ಓಡಿಸಿದ. ಅತ್ತೆ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯ ಮೂತಿಯಲ್ಲಿ ಕೂತಳು. ಹೀಗಿರುವಾಗ ಒಂದು ದಿನ ಹಿರಿಮಗ ನಡುನೀರಿನಿಂದ ಹುಟ್ಟು ಹಾಕಿಕೊಂಡು ಬೆವರುತ್ತ ಬಂದ. ಒಳಗಿನ ಗೇರು ಪುಡಿಯಾಗಿದೆ, ಲೋಹವೇ ಕೊಳೆತದ್ದು, ಅಜ್ಜ ಮೋಸದ ಮಾಲು ಕೊಟ್ಟಿದ್ದಾನೆ ಎಂದ. ಮಾವ ಬಿಚ್ಚಿ ನೋಡುವ ಗೋಜಿಗೂ ಹೋಗಲಿಲ್ಲ. ಎಂಜಿನ್ನಿನೊಳಕ್ಕೆ ತುಕ್ಕು ಹಿಡಿಯದಂತೆ ಎಣ್ಣೆ ಸುರಿದು ಗೂಟಕ್ಕೆ ಏರಿಸಿಬಿಟ್ಟ. ಅಂದಿನಿಂದ ಮನೆಯಲ್ಲಿ ಕೆಟ್ಟದ್ದೆಲ್ಲ ಅತ್ತೆಯ ತವರಿನ ಲೆಕ್ಕಕ್ಕೆ ಸೇರತೊಡಗಿತು.

ಸೊಸೆ ಈ ಮನೆಗೆ ಬಂದದ್ದು ಅದೆಲ್ಲ ಆದಮೇಲೆ. ಬಂದವಳಿಗೆ ಎರಡು ಬಗೆಯ ಪಾತ್ರೆ ಕಾದಿದ್ದವು. ಒಂದು ಅಡುಗೆಮನೆಯವು, ಇನ್ನೊಂದು ಶೆಡ್ಡಿನವು. ಗಂಡಸರು ಬಿಚ್ಚಿಟ್ಟ ಗೇರು, ಬೇರಿಂಗು, ವಾಷರುಗಳನ್ನು ಸೀಮೆಎಣ್ಣೆಯ ಬೇಸಿನ್ನಿನಲ್ಲಿ ಉಜ್ಜಿ, ಬಿಚ್ಚಿದ ಕ್ರಮದಲ್ಲೇ ಹಳೆಯ ಸೀರೆಯ ಮೇಲೆ ಸಾಲಾಗಿ ಒಣಗಿಸುವುದು ಅವಳ ಕೆಲಸ. ಅದನ್ನು ಯಾರೂ ರಿಪೇರಿ ಎನ್ನುತ್ತಿರಲಿಲ್ಲ, 'ಸ್ವಲ್ಪ ತೊಳೆದುಕೊಡು' ಎನ್ನುತ್ತಿದ್ದರು. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ತೊಳೆದೇ ಯಾವುದರ ಪಕ್ಕ ಯಾವುದು ಕೂರುತ್ತದೆ, ಯಾವುದು ಸವೆದರೆ ಯಾವುದು ಅಳುತ್ತದೆ ಎಂಬುದೆಲ್ಲ ಅವಳ ಬೆರಳಿಗೆ ಹತ್ತಿಬಿಟ್ಟಿತ್ತು. ಒಮ್ಮೆ ಮೈದುನ ಶೆಡ್ಡಿನಲ್ಲಿ ನಟ್ಟಿನ ಜೊತೆ ಗುದ್ದಾಡುತ್ತಿದ್ದಾಗ, ಒಲೆಯ ಮುಂದಿದ್ದವಳು ಆ ಜಾರುವ ಸದ್ದು ಕೇಳಿಯೇ ಅದಕ್ಕೆ ಹದಿಮೂರನೇ ನಂಬರಿನದು ಬೇಕು ಎಂದಿದ್ದಳು. ಅಂದೇ ಅವನು ಅವಳಿಗೆ ಸ್ಪ್ಯಾನರ್ ಅತ್ತಿಗೆ ಎಂದು ಹೆಸರಿಟ್ಟ. ಹೆಸರು ದಂಡೆಯುದ್ದಕ್ಕೂ ಹಬ್ಬಿತು. ಸ್ಪ್ಯಾನರು ಮಾತ್ರ ಅವಳ ಕೈಗೆ ಬರಲಿಲ್ಲ.

ಅವಳಿಗೊಂದು ಆಸೆಯಿತ್ತು. ಅವಳ ಅಕ್ಕನನ್ನು ಕೊಟ್ಟದ್ದು ಸರೋವರದ ಆಚೆ ದಂಡೆಗೆ. ಪಾತ್ರೆ ತೊಳೆಯುವ ಕಲ್ಲಿನ ಮೇಲೆ ನಿಂತರೆ ಅಕ್ಕನ ಮನೆಯ ಹಂಚು ಕಾಣುತ್ತಿತ್ತು. ರಸ್ತೆಯ ಮೇಲೆ ಹೋದರೆ ಎರಡು ಬಸ್ಸು ಬದಲಾಯಿಸಬೇಕು, ದಿನವೇ ಕಳೆಯುತ್ತದೆ. ದೋಣಿಯಲ್ಲಿ ಹೋದರೆ ಹಾಲು ಕಾಯಿಸಿ ಆರಿಸುವಷ್ಟು ಹೊತ್ತು. ದೋಣಿಯೇನೋ ಮನೆಯದೇ. ಓಡಿಸುವವರು ಗಂಡಸರು. ಗಂಡನಿಗೆ ಪುರುಸೊತ್ತು ಇರಬೇಕು, ಮೈದುನನಿಗೆ ಮನಸ್ಸು ಬರಬೇಕು, ಅದಕ್ಕೆ ಮೊದಲು ಅವಳು ಕೇಳಬೇಕು. ಅಕ್ಕನನ್ನು ನೋಡದೆ ಇರುವುದನ್ನಾದರೂ ಅವಳು ತಡೆದುಕೊಳ್ಳುತ್ತಿದ್ದಳು. ಸೆರಗಿನ ತುದಿ ತಿರುವುತ್ತ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳುವುದಿತ್ತಲ್ಲ, ಅದು ಅವಳಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು.

ಆ ಸೋಮವಾರ ಮೈದುನ ಹಲ್ಲು ಕಿರಿಯುತ್ತ ಒಳಗೆ ಬಂದ. ದಂಡೆಯ ತಿರುವಿನಲ್ಲಿ ಹೊಸದಾಗಿ ಎದ್ದಿದ್ದ ಹೋಟೆಲಿನ ಯಜಮಾನನಿಗೆ ಊಟದ ಹಾಲಿನ ಗೋಡೆಗೆ ತೂಗುಹಾಕಲು ಹಳೆಯ ಮೋಟಾರೊಂದು ಬೇಕಂತೆ. ಓಡಬೇಕಿಲ್ಲ, ಹೊಳೆದರೆ ಸಾಕು. ಭಾನುವಾರ ಬೆಳಗ್ಗೆ ಬಂದು ಒಯ್ಯುತ್ತಾನೆ. ಅತ್ತೆಯನ್ನು ಕೇಳಿದರು; ಗೂಟದ ಮೇಲೆ ಇದ್ದರೇನು ಗೋಡೆಯ ಮೇಲೆ ಇದ್ದರೇನು ಎಂದು ಅವಳು ತಲೆಯಾಡಿಸಿದಳು. ಉಜ್ಜಿ ಹೊಳೆಸುವ ಕೆಲಸ ಯಾರದು ಎಂಬುದರ ಬಗ್ಗೆ ಚರ್ಚೆಯೇ ಆಗಲಿಲ್ಲ. ಇಬ್ಬರೂ ಸೇರಿ ಮೋಟಾರನ್ನು ಹಿತ್ತಲಿನಲ್ಲಿದ್ದ ಮರದ ಸ್ಟ್ಯಾಂಡಿಗೆ ಕಚ್ಚಿಸಿ, ಸೊಸೆಯ ಕೈಗೆ ಒಂದು ಬ್ರಶ್ಶು ಕೊಟ್ಟು ಹೋದರು.

ಹೋಟೆಲಿನ ಗೋಡೆಯ ಮೇಲೆ ಎಣ್ಣೆ ತೊಟ್ಟಿಕ್ಕಿದರೆ ಮತ್ತೆ ತನ್ನ ತಲೆಗೇ ಬರುತ್ತದೆ ಎಂದು ಅವಳು ಮೊದಲು ನೀರಿನೊಳಗಿರುವ ತಳಭಾಗದ, ಅಂದರೆ ಗೇರ್‌ಕೇಸಿನ ಸ್ಕ್ರೂ ಬಿಚ್ಚಿದಳು. ಬಂದದ್ದು ಹಾಲು ಹೆಚ್ಚಾದ ಚಹಾದ ಬಣ್ಣದ ಎಣ್ಣೆ. ಸೀಲು ಸವೆದು ನೀರು ನುಗ್ಗಿದೆ ಎಂದಾಯಿತು. ಆ ಎಣ್ಣೆಯಲ್ಲಿ ಮಿಣಮಿಣ ಎನ್ನುವ ಚೂರುಗಳು. ಇಷ್ಟು ನೋಡಿದ ಮೇಲೆ ಕೈ ನಿಲ್ಲುವುದೆಂದರೇನು? ಶೆಡ್ಡಿನ ಸ್ಪ್ಯಾನರೊಂದನ್ನು ಕೇಳದೆಯೇ ತಂದು ನಾಲ್ಕು ಬೋಲ್ಟು ತೆಗೆದು ಗೇರ್‌ಕೇಸನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಹೆಚ್ಚಿಟ್ಟ ತರಕಾರಿಯ ಪಕ್ಕ, ಹಳೆ ಪೇಪರು ಹಾಸಿ ಇಟ್ಟಳು. ಒಳಗೆ ಮೇಲಿನ ಎಂಜಿನ್ನಿನಿಂದ ಬರುವ ದಂಡದ ತುದಿಯ ಚಿಕ್ಕ ಹಲ್ಲುಚಕ್ರದ ಹಲ್ಲುಗಳು ಒಂದೇ ಪಕ್ಕದಲ್ಲಿ ಕಡಿದು ಹಾಕಿದಂತೆ ಹೋಗಿದ್ದವು. ಉಳಿದ ಹಲ್ಲು ಚೂಪಾಗಿ, ನುಣುಪಾಗಿ, ಹೊಸ ಬಟ್ಟಲಿನಂತೆ ಹೊಳೆಯುತ್ತಿದ್ದವು. ಕೊಳೆತ ಲೋಹ ಹೀಗೆ ಮುರಿಯುವುದಿಲ್ಲ. ಕೊಳೆತದ್ದು ಎಲ್ಲ ಕಡೆಯಿಂದಲೂ ಉದುರುತ್ತದೆ.

ಆಮೇಲೆ ಪ್ರೊಪೆಲ್ಲರನ್ನು ಅದರ ದಂಡಕ್ಕೆ ಸೇರಿಸುವ ಪಿನ್ನನ್ನು ಮೊಳೆ ಇಟ್ಟು ತಟ್ಟಿ ಹೊರಗೆ ತೆಗೆದಳು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಸಣ್ಣ ಕಡ್ಡಿ ಅದು. ಹಿತ್ತಾಳೆಯದಾಗಿರಬೇಕು. ಪ್ರೊಪೆಲ್ಲರು ಕಲ್ಲಿಗೋ ದಿಮ್ಮಿಗೋ ಬಡಿದರೆ ಆ ಮೆತ್ತಗಿನ ಪಿನ್ನು ಪಟ್ಟೆಂದು ಮುರಿಯುತ್ತದೆ, ಪೆಟ್ಟು ಒಳಗಿನ ಗೇರಿಗೆ ತಲುಪುವುದಿಲ್ಲ. ಹೊಸ ಪಿನ್ನು ಹಾಕಿದರೆ ಮುಗಿಯಿತು. ಸೊಸೆ ಕೈಯಲ್ಲಿದ್ದುದನ್ನು ಉಜ್ಜಿದಳು. ಹಳದಿ ಬರಲಿಲ್ಲ. ಇನ್ನೂ ಉಜ್ಜಿದಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಚಿಟ್ಟೆಯನ್ನು ಕಿತ್ತು ತಂದು ಹತ್ತಿರ ಹಿಡಿದಳು. ಪಿನ್ನು ಟಪ್ಪೆಂದು ಚಿಟ್ಟೆಯ ಹೊಟ್ಟೆಗೆ ಅಂಟಿಕೊಂಡಿತು. ಹಿತ್ತಾಳೆ ಎಂದಾದರೂ ಅಯಸ್ಕಾಂತಕ್ಕೆ ಅಂಟುವುದುಂಟೇ? ಇದು ಗಟ್ಟಿ ಉಕ್ಕು. ಎಳ್ಳಷ್ಟೂ ಬಾಗಿರಲಿಲ್ಲ.

ಅವಳು ಕೈ ಒರೆಸಿಕೊಳ್ಳದೆಯೇ ಎದ್ದಳು. ಚಿಟ್ಟೆ ಸಮೇತ ಅತ್ತೆಯ ಮುಂದೆ ನಿಂತು, ಮೋಟಾರು ಕೆಟ್ಟದ್ದಲ್ಲ, ಕೆಡಿಸಿದ್ದು ಎಂದು ಬಿಡಿಸಿ ಹೇಳಿದಳು. ಅತ್ತೆ ಅವರೆ ಸುಲಿಯುತ್ತಿದ್ದಳು. ಸುಲಿಯುವುದು ನಿಂತಿತು. ಚಿಟ್ಟೆಯಿಂದ ಪಿನ್ನು ಕೀಳುವುದು, ಮತ್ತೆ ಅಂಟಿಸುವುದು, ಕೀಳುವುದು. ಹೀಗೆ ಸುಮಾರು ಹೊತ್ತು ಆಡಿದಳು. ಕೊನೆಗೆ ಪಿನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಂಜೆ ಊಟಕ್ಕೆ ತಾನೇ ಬಡಿಸುತ್ತೇನೆ ಎಂದಳು.

ಬಡಿಸಿದಳು. ಹಿರಿಮಗನ ತಟ್ಟೆಯಲ್ಲಿ ಅನ್ನ, ಅನ್ನದ ಪಕ್ಕ ಪಲ್ಯ, ಪಲ್ಯದ ಪಕ್ಕ ಪಿನ್ನು.

ಗಂಡ ಅದನ್ನು ನೋಡಿದ. ಗುರುತು ಸಿಕ್ಕಿದ್ದು ಅವನ ಕಿವಿಗಳಲ್ಲಿ ಕಂಡಿತು, ಅವು ಕೆಂಪಾದವು.

"ಹಿತ್ತಾಳೇದು ಪದೇ ಪದೇ ಮುರೀತಿತ್ತಮ್ಮ," ಅಂದ. "ಪ್ರತಿ ಸಲ ಹುಟ್ಟು ಹಾಕ್ಕೊಂಡು ಬರಬೇಕಿತ್ತು. ದಂಡೇಲಿ ನಿಂತವರೆಲ್ಲ ನಗೋರು. ಅದಕ್ಕೆ ಮುರೀದೇ ಇರೋದು ಹಾಕಿದೆ."

"ಮುರಿಯೋದೇ ಅದರ ಕೆಲಸ ಅಲ್ವೇನ್ರೀ?" ಸೊಸೆ ಕೇಳಿದಳು.

"ಆಗ ನಂಗೆ ವಯಸ್ಸೆಷ್ಟು?"

"ಆಗಿಂದ ಈಗಿನವರೆಗೂ ವಯಸ್ಸು ಆಯ್ತಲ್ಲೋ," ಅತ್ತೆ ಅಂದಳು. "ಆ ದಿನ ನಮ್ಮಪ್ಪನ ಹೆಸರು ಹೇಳಿದೆ. ಮಾರನೇ ದಿನಾನೂ ಹೇಳಿದೆ. ಇಷ್ಟು ವರ್ಷದಲ್ಲಿ ಒಂದು ದಿನ ನಿಂದು ಹೇಳಬಹುದಿತ್ತು."

ಮೈದುನನಿಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಅವನಿಗೂ ಇದು ಹೊಸ ಸುದ್ದಿ. ಆದರೂ ಹೋಟೆಲಿನವನಿಗೆ ಮಾತು ಕೊಟ್ಟಾಗಿದೆ, ಭಾನುವಾರ ಬರುತ್ತಾನೆ ಎಂದು ನೆನಪಿಸಿದ. ಆಗ ಸೊಸೆ ತನ್ನ ಜೀವಮಾನದಲ್ಲಿ ಊಟದ ಹೊತ್ತಿನಲ್ಲಿ ಆಡಿರದ ಮಾತೊಂದನ್ನು ಆಡಿದಳು. "ಅತ್ತೆ, ನಾನು ಇದನ್ನ ರಿಪೇರಿ ಮಾಡ್ತೀನಿ. ಓಡಿದ್ರೆ ಇದು ನಂಗೆ ಬೇಕು. ಓಡಿಸೋಕೆ."

ಸೌಟು ಗಾಳಿಯಲ್ಲೇ ನಿಂತಿತು. ಅತ್ತೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು, ಹೊಸದಾಗಿ ಮನೆಗೆ ಬಂದವಳನ್ನು ನೋಡುವಂತೆ. "ಆಚೆ ದಂಡೆಗೆ ಹೋಗಿ ಬಾ," ಅಂದಳು. "ಯಾರ ಸಹಾಯಾನೂ ಇಲ್ದೆ. ಬಂದ್ರೆ ನಿಂದೇ."

"ಭಾನುವಾರ ಅವರು ಬರೋಕೆ ಮುಂಚೆ," ಗಂಡ ಸೇರಿಸಿದ. ಒಂದು ವಾರದೊಳಗೆ, ಅದೂ ಅಡುಗೆಮನೆಯಲ್ಲಿ, ಅದು ಆಗದ ಹೋಗದ ಮಾತು ಎಂಬ ಧೈರ್ಯ ಅವನ ದನಿಯಲ್ಲಿತ್ತು.

ಆ ವಾರ ಮನೆಯ ಊಟಕ್ಕೆ ಒಮ್ಮೆ ಉಪ್ಪು ಹೆಚ್ಚಾಗುತ್ತಿತ್ತು, ಒಮ್ಮೆ ಉಪ್ಪೇ ಇರುತ್ತಿರಲಿಲ್ಲ. ಒಲೆಯ ಮುಂದೆ ಅತ್ತೆ ನಿಂತಿದ್ದಳು. ಸೌಟು ಕೆಳಗಿಟ್ಟು ಎಷ್ಟೋ ವರ್ಷವಾಗಿದ್ದ ಅವಳ ಕೈ ಅಳತೆ ಮರೆತಿತ್ತು. ಗಂಡಸರು ಬಾಯಿಗೆ ಬೀಗ ಹಾಕಿಕೊಂಡು ಉಂಡರು. ಸೊಸೆಗೆ ಇದೆಲ್ಲ ಕಾಣುತ್ತಲೇ ಇರಲಿಲ್ಲ. ಕಟ್ಟೆಯ ಅರ್ಧ ಅವಳದಾಗಿತ್ತು.

ಮೊದಲ ಪ್ರಶ್ನೆ ಹಲ್ಲುಚಕ್ರದ್ದು. ಅಷ್ಟು ಹಳೆಯ ಮೋಟಾರಿಗೆ ಅಂಗಡಿಯಲ್ಲಿ ಏನು ಸಿಗುತ್ತದೆ? ಸೀಲು ಮತ್ತು ಬೇರಿಂಗು ಅಳತೆ ಕೊಟ್ಟರೆ ಸಿಕ್ಕವು, ಗೇರು ಸಿಗಲಿಲ್ಲ. ಬೇಸರದಲ್ಲಿ ಶೆಡ್ಡಿಗೆ ಹೊರಟವಳ ಕಾಲಿನ ಹೆಬ್ಬೆರಳು, ಶೆಡ್ಡಿನ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಿದ್ದ ಕಬ್ಬಿಣದಂಥ ಮುದ್ದೆಗೆ ಬಡಿಯಿತು. ಆ ಮನೆಯಲ್ಲಿ ಅದಕ್ಕೆ ಹೆಬ್ಬೆರಳು ಕೊಡದವರು ಯಾರೂ ಇರಲಿಲ್ಲ. ಕಾಲು ಹಿಡಿದುಕೊಂಡು ಕುಂಟುತ್ತ, ಬೈಯಲು ಬಾಯಿ ತೆರೆದವಳು ಹಾಗೇ ಕೂತುಬಿಟ್ಟಳು. ಮಣ್ಣು ಕೆರೆದಳು. ಅದೇ ಕಂಪನಿಯ, ಅದೇ ಕಾಲದ ಇನ್ನೊಂದು ಗೇರ್‌ಕೇಸು. ಹೊರಕವಚ ಸೀಳಿಹೋಗಿ ಮಾವ ಯಾವಾಗಲೋ ಬಿಸಾಕಿದ್ದು. ಅವಳು ಅದನ್ನು ಮಗುವಿನಂತೆ ಎತ್ತಿಕೊಂಡು ಒಳಗೋಡಿದಳು. ಒಳಗೆ ಗಟ್ಟಿ ಗ್ರೀಸಿನಲ್ಲಿ ಮುಚ್ಚಿಕೊಂಡು, ಎರಡೂ ಹಲ್ಲುಚಕ್ರಗಳು ಒಂದು ಗೀರೂ ಇಲ್ಲದೆ ಮಲಗಿದ್ದವು. "ಅತ್ತೆ!" ಎಂದು ಕೂಗಿದ ಕೂಗಿಗೆ ಅತ್ತೆಯ ಕೈಯ ಉಪ್ಪಿನ ಡಬ್ಬಿ ಸಾರಿನೊಳಕ್ಕೆ ಬಗ್ಗಿತು.

ಪ್ರೊಪೆಲ್ಲರಿನ ಮೂರು ಕಂಚಿನ ರೆಕ್ಕೆಗಳಲ್ಲಿ ಒಂದು ನೆಟ್ಟಗಿತ್ತು, ಒಂದು ಸೊಟ್ಟಗಾಗಿತ್ತು, ಒಂದರ ಅಂಚು ಇಲಿ ಕಡಿದಂತಿತ್ತು. ನೆಟ್ಟಗಿರುವುದರ ತಿರುವು ಉಳಿದೆರಡಕ್ಕೂ ಬರಬೇಕು, ಕೂದಲೆಳೆಯಷ್ಟು ತಪ್ಪಿದರೂ ದೋಣಿ ನಡುಗುತ್ತದೆ. ಸೊಸೆ ಉಪ್ಪು ಹಾಕಿ ಗಟ್ಟಿಯಾಗಿ ಹಿಟ್ಟು ಕಲಸಿದಳು. ಹಲಗೆಯ ಮೇಲೆ ಒಂದು ಸರಳು ನೆಟ್ಟು, ಅದಕ್ಕೆ ಪ್ರೊಪೆಲ್ಲರನ್ನು ಪೋಣಿಸಿ, ನೆಟ್ಟಗಿದ್ದ ರೆಕ್ಕೆಯನ್ನು ಹಿಟ್ಟಿನ ಮುದ್ದೆಯಲ್ಲಿ ಒತ್ತಿ ಅಚ್ಚು ತೆಗೆದಳು. ಹಿಟ್ಟು ಬಿಸಿಲಿಗೆ ಒಣಗಿ ಕಲ್ಲಾಯಿತು. ಆಮೇಲೆ ಸೊಟ್ಟ ರೆಕ್ಕೆಯನ್ನು ಒಲೆಯ ಮೇಲೆ ಹದವಾಗಿ ಕಾಯಿಸಿ, ಮರದ ಸುತ್ತಿಗೆಯಿಂದ ತಟ್ಟುವುದು, ಸರಳಿಗೆ ಪೋಣಿಸಿ ಅಚ್ಚಿನಲ್ಲಿ ಕೂರುತ್ತದೆಯೇ ನೋಡುವುದು, ಮತ್ತೆ ತಟ್ಟುವುದು. ಒಳ್ಳೆಯ ಹಿಟ್ಟು ಹಾಳು ಎಂದು ಅತ್ತೆ ಗೊಣಗಿದಳು. ಗೊಣಗುತ್ತಲೇ ಬಗ್ಗಿ, ಅಂಚಿನಲ್ಲಿ ಇನ್ನೂ ಬೆಳಕು ಕಾಣ್ತಿದೆ, ಇನ್ನೊಂದು ಪೆಟ್ಟು ಹಾಕು ಎಂದಳು. ಕಡೆಗೊಮ್ಮೆ ರೆಕ್ಕೆ ಅಚ್ಚಿನೊಳಗೆ ಸದ್ದಿಲ್ಲದೆ ಕೂತಾಗ ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡಿದ್ದರು. ಯಾರು ಮೊದಲು ಹಿಡಿದದ್ದೋ ಗೊತ್ತಿಲ್ಲ.

ಕಡಿದ ಅಂಚನ್ನು ಅರದಿಂದ ನಯ ಮಾಡಿ, ಉಳಿದ ಎರಡನ್ನೂ ಅದಕ್ಕೆ ಸರಿಯಾಗಿ ಉಜ್ಜಿ, ಸರಳನ್ನು ಎರಡು ಚಾಕುಗಳ ಅಲಗಿನ ಮೇಲೆ ಅಡ್ಡ ಇಟ್ಟು ತೂಕ ನೋಡಿದಳು. ಭಾರವಾದ ರೆಕ್ಕೆ ತಾನಾಗಿಯೇ ಕೆಳಗೆ ಬರುತ್ತಿತ್ತು. ಅದಕ್ಕೆ ಇನ್ನಷ್ಟು ಅರ. ಹೇಗೆ ತಿರುಗಿಸಿಟ್ಟರೂ ಹಾಗೇ ನಿಲ್ಲುವವರೆಗೆ ಅರ.

ಬೇರಿಂಗು ಕೂರಿಸಿದ್ದು ಶುಕ್ರವಾರ. ಅದು ಗೇರ್‌ಕೇಸಿನ ತೂತಿಗಿಂತ ನೂಲಿನಷ್ಟು ದೊಡ್ಡದು. ಸುತ್ತಿಗೆಯಿಂದ ಹೊಡೆದರೆ ಎರಡೂ ಹಾಳು. ಶೆಡ್ಡಿನಲ್ಲಿ ಅದಕ್ಕೆ ಒತ್ತುವ ಯಂತ್ರವಿತ್ತು, ಆದರೆ ಕೇಳಬೇಕಿತ್ತು. ಸೊಸೆ ಬೇರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನ ಐಸ್ ಖಾನೆಯಲ್ಲಿ ಇಟ್ಟಳು. ಸ್ನಾನದ ನೀರು ಕಾಯಿಸುವ ದೊಡ್ಡ ಪಾತ್ರೆಯಲ್ಲಿ ಗೇರ್‌ಕೇಸನ್ನು ಕುದಿಯಲು ಇಟ್ಟಳು. ಶೀತಕ್ಕೆ ಒಂದು ಕುಗ್ಗುತ್ತದೆ, ಶಾಖಕ್ಕೆ ಇನ್ನೊಂದು ಹಿಗ್ಗುತ್ತದೆ. ಎಲ್ಲ ಸರಿಯಾಗಿ ಕಾದು ಬಂದ ಹೊತ್ತಿಗೆ ಗಂಡ ಒಳಗೆ ಬಂದು, ಐಸ್ ನೀರು ಕುಡಿಯೋಣವೆಂದು ಫ್ರಿಜ್ಜಿನ ಬಾಗಿಲು ತೆರೆದ.

"ಮುಚ್ಚೋ ಅದನ್ನ," ಅತ್ತೆಯ ದನಿ ಅವನ ಬೆನ್ನಿಗೆ ಬಡಿಯಿತು. "ಬೇರಿಂಗ್ ಬೆವರುತ್ತೆ."

ಹುಟ್ಟಿದಾಗಿನಿಂದ ಬೇರಿಂಗಿನ ನಡುವೆಯೇ ಬೆಳೆದ ಮಗ, ಅಮ್ಮನ ಬಾಯಲ್ಲಿ ಆ ಶಬ್ದ ಮೊದಲ ಸಲ ಕೇಳಿ, ಬಾಗಿಲು ಮುಚ್ಚಿ ಹೊರಟುಹೋದ. ಗೇರ್‌ಕೇಸು ಹಬೆಯಾಡುತ್ತ ಮೇಲೆ ಬಂತು. ಅತ್ತೆ ಇಕ್ಕಳದಲ್ಲಿ ಹಿಡಿದಳು. ಸೊಸೆ ಮಂಜು ಮೆತ್ತಿದ ಬೇರಿಂಗನ್ನು ತೂತಿನ ಬಾಯಿಗೆ ಇಟ್ಟು ಬೆರಳು ಬಿಟ್ಟಳು. ಟಕ್! ಬಟ್ಟಲಿಗೆ ನಾಣ್ಯ ಹಾಕಿದಂತೆ ತಳಕ್ಕೆ ಇಳಿದು ಕೂತಿತು. ಸೊಸೆಗೆ ಕುಣಿಯಬೇಕೆನಿಸಿತು. ಹಲ್ಲುಗಳು ಸರಿಯಾಗಿ ಕೂಡುತ್ತವೆಯೇ ನೋಡಲು ಬಾಣಲೆಯ ತಳದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಒಂದು ಚಕ್ರಕ್ಕೆ ಸವರಿ ತಿರುಗಿಸಿದಳು. ಮಸಿ ಹಲ್ಲಿನ ನಟ್ಟನಡುವೆ ಮೂಡಬೇಕಿತ್ತು, ತುದಿಯಲ್ಲಿ ಮೂಡಿತು. ಎಲ್ಲ ಬಿಚ್ಚಿದಳು. ಕಾಗದದಷ್ಟು ತೆಳುವಾದ ವಾಷರೊಂದು ಸೀಮೆಎಣ್ಣೆಯ ಬೇಸಿನ್ನಿನ ತಳಕ್ಕೆ ಅಂಟಿಕೊಂಡು ಉಳಿದಿತ್ತು. ಇಷ್ಟು ವರ್ಷ ಗಂಡಸರ ವಾಷರು ಒಂದನ್ನೂ ಕಳೆಯದವಳು ತನ್ನದನ್ನು ಮರೆತಿದ್ದಳು. ನಾಚಿಕೆಯಾಯಿತು, ನಗುವೂ ಬಂತು. ಹಾಕಿ ಮತ್ತೆ ತಿರುಗಿಸಿದರೆ ಮಸಿ ನಡುವಿಗೇ ಬಂತು. ಸೈಕಲ್ ಪಂಪಿನಿಂದ ಗೇರ್‌ಕೇಸಿಗೆ ಗಾಳಿ ತುಂಬಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಎಣ್ಣೆಯನ್ನು ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಿದಳು, ಗಾಳಿ ಒಳಗೆ ಸಿಕ್ಕಿಕೊಳ್ಳಬಾರದೆಂದು. ಮೇಲಿನ ಎಂಜಿನ್ನು ಮಾವನ ಎಣ್ಣೆಯಲ್ಲಿ ಭದ್ರವಾಗಿಯೇ ಇತ್ತು; ಪ್ಲಗ್ಗು ಬದಲಿಸಿ, ಕಿಡಿ ನೋಡಿ, ಪ್ರೊಪೆಲ್ಲರಿಗೆ ಹಿತ್ತಾಳೆಯ ಪಿನ್ನು ಕೂರಿಸಿ, ಹೊಸ ಪೆಟ್ರೋಲು ಹಾಕಿದ್ದು ಶನಿವಾರ.

ಭಾನುವಾರ ಬೆಳಗ್ಗೆ ಅವಳು ಬೇಗನೆ ದೋಣಿಗೆ ಮೋಟಾರು ಕಚ್ಚಿಸಿದಳು. ಈ ಹಳೆಯ ಮೋಟಾರುಗಳಿಗೆ ಸುಮ್ಮನೆ ನಿಂತು ಗುರುಗುಡುವುದು ಗೊತ್ತಿಲ್ಲ. ಶುರುವಾಯಿತೆಂದರೆ ದೋಣಿ ಹೊರಟಿತೆಂದೇ ಅರ್ಥ, ನಿಲ್ಲಿಸುವುದೆಂದರೆ ಆರಿಸುವುದೇ. ಅವಳು ಹಗ್ಗ ಸುತ್ತಿ ಎಳೆದಳು. ಕೆಮ್ಮಿತು. ಎಳೆದಳು. ಉಗುಳಿತು. ದೋಣಿ ನಿಲ್ಲಿಸುವ ಕಟ್ಟೆಯ ಮೇಲೆ ನಿಂತಿದ್ದ ಮೈದುನ ಒಂದು ಕೈ ಹಾಕಲೇ ಅತ್ತಿಗೆ ಎಂದ. ಅವಳು ಕಾಲು ಗಟ್ಟಿಯಾಗಿ ಊರಿ, ಬಟ್ಟೆ ಹಿಂಡುವಾಗ ಬರುವ ಬಲವನ್ನೆಲ್ಲ ಭುಜಕ್ಕೆ ತಂದುಕೊಂಡು ಎಳೆದಳು. ನೀಲಿ ಹೊಗೆ ಭುಸ್ಸೆಂದಿತು, ಹಕ್ಕಿಗಳು ಎದ್ದವು, ದೋಣಿಯ ಮೂತಿ ಮೇಲೆದ್ದಿತು. ಕಟ್ಟೆ, ಶೆಡ್ಡು, ಪಾತ್ರೆ ತೊಳೆಯುವ ಕಲ್ಲು ಎಲ್ಲ ಹಿಂದಕ್ಕೆ ಸರಿಯತೊಡಗಿದವು.

ದೋಣಿಯ ಹಿಂಬದಿಯಲ್ಲಿ ಕೂತು ಮುಂದೆ ನೋಡುವುದು ಹೇಗಿರುತ್ತದೆ ಎಂಬುದು ಅವಳಿಗೆ ಅಂದೇ ಗೊತ್ತಾದದ್ದು. ಇಷ್ಟು ದಿನ ಮೂತಿಯಲ್ಲಿ ಗಂಡನ ಕಡೆ ಮುಖ ಮಾಡಿ, ಬುತ್ತಿ ಹಿಡಿದು, ಬಿಟ್ಟುಬಂದ ದಂಡೆಯನ್ನೇ ನೋಡಿದ್ದಳು. ಮೋಟಾರಿನ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ. ಎಡಕ್ಕೆ ತಳ್ಳಿದರೆ ಬಲಕ್ಕೆ. ಯಾರೂ ನೋಡುತ್ತಿಲ್ಲವೆಂದು ಒಮ್ಮೆ ಸುಮ್ಮಸುಮ್ಮನೆ ಹಾವಿನಂತೆ ಹರಿಸಿ ನೋಡಿದಳು. ಗಂಟಲಿನಿಂದ ತಾನಾಗಿಯೇ ಏನೋ ಸದ್ದು ಹೊರಟಿತು, ಹಾಡೂ ಅಲ್ಲ, ಕೂಗೂ ಅಲ್ಲ.

ನಡುನೀರು ದಾಟಿದ ಮೇಲೆ ದಡ್ ಎಂದಿತು. ಮುಳುಗಿದ್ದ ದಿಮ್ಮಿಯೊಂದು. ಮೋಟಾರು ಕಿವಿ ಹರಿಯುವಂತೆ ಕಿರುಚಿತು, ದೋಣಿ ಮಾತ್ರ ನಿಂತಲ್ಲೇ ನಿಂತಿತು. ಅವಳು ಆರಿಸಿದಳು. ಹೊಸ ಗೇರು ಏನಾಯಿತೋ? ಮೋಟಾರನ್ನು ಮೇಲಕ್ಕೆ ಎತ್ತಿ ವಾಲಿಸಿ ಪ್ರೊಪೆಲ್ಲರನ್ನು ಬೆರಳಿನಿಂದ ತಿರುಗಿಸಿದಳು. ಖಾಲಿ ಗಿರಕಿಯಂತೆ ತಿರುಗಿತು. ಪಿನ್ನು! ಹಿತ್ತಾಳೆಯ ಪಿನ್ನು ಮುರಿದಿದೆ, ಪೆಟ್ಟನ್ನು ತಾನೇ ತಿಂದಿದೆ, ಗೇರಿಗೆ ಏನೂ ಆಗಿಲ್ಲ. ನಡುನೀರಿನಲ್ಲಿ ಮೋಟಾರು ನಿಂತದ್ದಕ್ಕೆ ಇಷ್ಟು ಖುಷಿಪಟ್ಟವರು ಆ ಸರೋವರದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ನೀರಿನ ಮೇಲೆ ಬಿಚ್ಚುವ ಪ್ರತಿಯೊಂದಕ್ಕೂ ಮೊದಲು ದಾರ ಕಟ್ಟಬೇಕೆಂಬುದು ಮಾವನ ಪದ್ಧತಿ. ಅವಳು ಇಕ್ಕಳಕ್ಕೆ, ಮೊಳೆಗೆ, ತಿರುಪಿನ ಮುಚ್ಚಳಕ್ಕೆ ಎಲ್ಲ ದಾರ ಕಟ್ಟಿಕೊಂಡೇ ಬಂದಿದ್ದಳು. ಒರೆಸುವ ಬಟ್ಟೆಯನ್ನು ಕೆಳಗೆ ಜೋಲಿಯಂತೆ ಬಿಗಿದು, ದೋಣಿಯ ಅಂಚಿಗೆ ಹೊಟ್ಟೆ ಒತ್ತಿ ಬಗ್ಗಿ, ಮುರಿದ ತುಂಡನ್ನು ತಟ್ಟಿ ತೆಗೆದು, ಜೊತೆಗೆ ತಂದಿದ್ದ ಇನ್ನೊಂದು ಹಿತ್ತಾಳೆಯ ಪಿನ್ನು ತೂರಿಸಿದಳು. ಹುಟ್ಟನ್ನು ಮುಟ್ಟಲಿಲ್ಲ. ಹಗ್ಗ ಎಳೆದಳು.

ಅಕ್ಕ ತನ್ನ ಮನೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಹೊಗೆ, ಸದ್ದು, ಕೆನೆಬಣ್ಣದ ಮೋಟಾರು ನೋಡಿ ಯಾರೋ ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಕಣ್ಣರಳಿಸಿದಳು. "ಯಾರ ಜೊತೆ ಬಂದ್ಯೇ?"

"ಯಾರ ಜೊತೆನೂ ಇಲ್ಲ ಅಕ್ಕ."

ಅಕ್ಕ ಬಗ್ಗಿ ದೋಣಿಯೊಳಗೆಲ್ಲ ಹುಡುಕಿದಳು, ಹಲಗೆಯ ಕೆಳಗೆ ತಂಗಿಯ ಗಂಡ ಅಡಗಿ ಕೂತಿರಬಹುದೆಂಬಂತೆ. ಚಹಾ ಇಡುತ್ತೇನೆ ಎಂದಳು. ತಂಗಿ ಒಂದೇ ಉಸಿರಿಗೆ ಕತೆಯೆಲ್ಲ ಹೇಳಿ, ಕೂರಲು ಆಗುವುದಿಲ್ಲ, ಹೋಟೆಲಿನವನು ಬರುವ ಮೊದಲು ತಲುಪಬೇಕು ಎಂದಳು. ಅಕ್ಕ ಒಂದು ಕ್ಷಣ ಸೋಪಿನ ನೊರೆ ಮೆತ್ತಿದ ಕೈ ನೋಡಿಕೊಂಡಳು. ನೀರಿನಲ್ಲಿ ಅದ್ದಿ, ಕೊಡವಿ, ದೋಣಿಗೆ ಕಾಲಿಟ್ಟಳು.

"ಬಟ್ಟೆ?"

"ನೆನೀಲಿ."

ವಾಪಸು ಬರುವಾಗ ಅಕ್ಕನಿಗೆ ಮುಂದಕ್ಕೆ ಮುಖ ಮಾಡಿ ಕೂರಲು ಹೇಳಿದಳು. ಗಾಳಿಗೆ ಅಕ್ಕನ ಜಡೆ ಬಿಚ್ಚಿಹೋಗಿತ್ತು. ಆದರೆ ಮನೆಯ ಕಟ್ಟೆ ಹತ್ತಿರ ಬಂದಂತೆ ಸೊಸೆ ವೇಗ ತಗ್ಗಿಸಿದಳು. ಕಟ್ಟೆಯ ಮೇಲೆ ಗಂಡ, ಮೈದುನ, ಅವರ ನಡುವೆ ಕೈಯಲ್ಲಿ ಅಳತೆಯ ಟೇಪು ಹಿಡಿದ ಹೋಟೆಲ್ ಯಜಮಾನ. ಅತ್ತೆ ಒಂದು ಕುರ್ಚಿಯಲ್ಲಿ. ಪಿನ್ನು ಮುರಿದ ಹೊತ್ತೇ ಅವಳನ್ನು ಸೋಲಿಸಿತ್ತು. ಮೋಟಾರು ಆರಿಸಿ ದೋಣಿಯನ್ನು ಕಟ್ಟೆಗೆ ತಾಗಿಸಿದಳು. ಏಳಲಿಲ್ಲ, ಹಿಡಿಯನ್ನೂ ಬಿಡಲಿಲ್ಲ.

ಹೋಟೆಲಿನವನಿಗೆ ಅದು ಓಡುವುದನ್ನು ನೋಡಿ ಇನ್ನೂ ಆಸ್ಥೆ ಹೆಚ್ಚಿತ್ತು. ಓಡುವ ಮೋಟಾರು ತನ್ನ ಗೋಡೆಯ ಮೇಲಿದೆ ಎಂದು ಗಿರಾಕಿಗಳಿಗೆ ಹೇಳಬಹುದು ಎಂದು ಲೆಕ್ಕ ಹಾಕುತ್ತಿದ್ದ. ಗಂಡ ಗಂಟಲು ಸರಿಪಡಿಸಿಕೊಂಡು, ಚೆನ್ನಾಗಿ ಮಾಡಿದ್ದೀಯ, ಆದರೆ ಇವರು ಬರೋಕೆ ಮುಂಚೆ ಎಂದು ಮಾತಾಗಿತ್ತಲ್ಲ ಎಂದ. ಅವನ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ.

ಅತ್ತೆ ಕುರ್ಚಿಯಿಂದ ಎದ್ದಳು. "ಮಾತು ನಂದು. ಹೋಗಿ ಬಾ ಅಂದೆ, ಬಂದಳು. ಮುಂಚೆ, ಆಮೇಲೆ ಅಂದವನು ನೀನು. ಮೋಟಾರು ನಿಂದಾ?"

ಅತ್ತೆ ಹೋಟೆಲಿನವನ ಕಡೆ ತಿರುಗಿ, ತುಂಬ ಮರ್ಯಾದೆಯಿಂದ, "ನೀವು ಬೇಜಾರು ಮಾಡ್ಕೋಬೇಡಿ. ಕೆಲಸ ಮಾಡದೇ ನೋಡೋಕಷ್ಟೇ ಚೆನ್ನಾಗಿರೋದು ನಿಮ್ಮ ಗೋಡೆಗೆ ಬೇಕು ಅಂದ್ರೆ, ನನ್ನ ಮಕ್ಕಳಿಬ್ಬರಿದ್ದಾರೆ, ಅಳತೆ ತಗೊಳ್ಳಿ," ಎಂದಳು.

ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಡನ ಮೀಸೆಯ ಅಂಚೂ ಅಲುಗಿತು. ಅತ್ತೆ ಅಷ್ಟರಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದು, ಅಕ್ಕನ ಭುಜದ ಆಸರೆಯಲ್ಲಿ ದೋಣಿಗೆ ಇಳಿದಾಗಿತ್ತು. ಮೂತಿಯ ಕಡೆ ಹೋಗಲಿಲ್ಲ, ಮೋಟಾರಿನ ಪಕ್ಕದಲ್ಲೇ ಸೊಸೆಯನ್ನು ಸ್ವಲ್ಪ ಒತ್ತರಿಸಿ ಕೂತು, "ನಿನ್ನ ಮೋಟಾರನ್ನ ಒಂದ್ಸಲ ನಾನು ಎಳೀಲಾ?" ಎಂದು ಕೇಳಿದಳು. ಸೊಸೆ ಹಗ್ಗ ಸುತ್ತಿ ತುದಿಯನ್ನು ಅವಳ ಕೈಗೆ ಕೊಟ್ಟು, ತಾನೂ ಹಿಂದಿನಿಂದ ಹಿಡಿಯಲು ಹೋದಳು. ಅತ್ತೆ ಅವಳ ಕೈ ತಟ್ಟಿ ತೆಗೆದಳು. ಇನ್ನೂ ಬಿಸಿಯಿದ್ದ ಎಂಜಿನ್ನು ಎರಡನೇ ಎಳೆತಕ್ಕೇ ಹೊತ್ತಿಕೊಂಡಿತು. ದೋಣಿ ಜಿಗಿದ ರಭಸಕ್ಕೆ ಅತ್ತೆ ಸೊಸೆಯ ಮಡಿಲಿಗೆ ಬಿದ್ದಳು, ಅಕ್ಕ ಕಿಟಾರನೆ ಕಿರುಚಿದಳು. ಮೂವರೂ ನಗುತ್ತ, ಒಬ್ಬರ ಮೇಲೊಬ್ಬರು ಒರಗುತ್ತ, ತೆರೆದ ನೀರಿಗೆ ನುಗ್ಗಿದರು.

ಕಟ್ಟೆಯ ಮೇಲೆ ಉಳಿದದ್ದು ಮೂವರು ಗಂಡಸರು. ಮನೆಗೆ ಬಂದವರಿಗೆ ಕುಡಿಯಲು ಏನಾದರೂ ಕೊಡಬೇಕೆಂಬುದು ಗಂಡನಿಗೆ ಹೊಳೆದದ್ದು ದೋಣಿ ಅಷ್ಟು ದೂರ ಹೋದಮೇಲೆ. ಅವನು ಒಳಗೆ ಹೋದ, ಹೊರಗೆ ಬಂದ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದ. ನೀರಿನ ಮೇಲೆ ತುಂಡು ತುಂಡಾಗಿ ತೇಲಿ ಬಂದದ್ದು, ಸಕ್ಕರೆ ಡಬ್ಬಿ ಎಲ್ಲಿದೆ ಎಂಬ ಪ್ರಶ್ನೆ.

"ಏನಂತೆ ಅವನಿಗೆ?" ಅತ್ತೆ ಕಿವಿಯ ಬಳಿ ಬಂದು ಕೇಳಿದಳು.

"ಕೇಳಿಸ್ತಿಲ್ಲ ಅತ್ತೆ," ಅಂದಳು ಸೊಸೆ, ಮತ್ತು ಇನ್ನಷ್ಟು ಪೆಟ್ರೋಲು ಕೊಟ್ಟಳು.